ಬ್ರೇಕಿಲ್ಲದ ಸೈಕಲ್ಲೂ ಬೆಣ್ಣೆ ಬರುವ ವೇಗವೂ

ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನ ನೌಕರಿ ಎಂದರೆ ಸೀಟಿ ಊದುವುದು, ಸಾಲು ನಿಲ್ಲಿಸುವುದು, ಪರೀಕ್ಷೆ ಹತ್ತಿರ ಬಂದಾಗ ನನ್ನ ಪಿರಿಯಡ್ಡನ್ನು ಗಣಿತದವರಿಗೆ ದಾನ ಮಾಡುವುದು. ಇಷ್ಟರಲ್ಲಿ ನಗುವ ಪ್ರಸಂಗ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಾನು ಯಾವುದನ್ನೂ ಹುಡುಕಿಕೊಂಡು ಹೋದವನಲ್ಲ. ಅವೇ ನನ್ನ ಮನೆ ಕೇಳಿಕೊಂಡು ಬರುತ್ತವೆ. ಯಲಬುರ್ಗಾದಲ್ಲಿ ಖೋಖೋ ಕಲಿಸುವಾಗ ಬಂದವು, ಕುಷ್ಟಗಿಯಲ್ಲಿ ಕಬಡ್ಡಿ ಕಲಿಸುವಾಗಲೂ ಬಂದವು. ಕನಕಗಿರಿ ಕಡೆಯ ಈ ಶಾಲೆಗೆ ವರ್ಗವಾದ ಮೇಲಂತೂ ಸೈಕಲ್ ಹತ್ತಿಕೊಂಡೇ ಬಂದವು.

ಆ ಸೈಕಲ್ ಬಂದದ್ದು ಒಬ್ಬ ಹುಡುಗಿಯ ಸಲುವಾಗಿ. ಹುಲಿಹೈದರದವಳು, ಒಂಬತ್ತನೆಯ ಇಯತ್ತೆ. ಮನೆಯಲ್ಲಿ ಎರಡು ಎಮ್ಮೆ. ಹಾಲಿನ ಕ್ಯಾನು ಹೊರುವ ಹಳೇ ಸೈಕಲ್ಲಿನ ಮೇಲೆ ತಾಲ್ಲೂಕು ಪಂದ್ಯಕ್ಕೆ ಬಂದು, ಬಣ್ಣಬಣ್ಣದ ಸೈಕಲ್ಲಿನವರನ್ನೆಲ್ಲ ಹಿಂದೆ ಹಾಕಿ, ಗೆದ್ದ ಮೇಲೆ ಬಹುಮಾನಕ್ಕೂ ಕಾಯದೆ ಹಾಲು ಹಾಕಲು ಹೋಗಿದ್ದಳು. ಅದನ್ನು ಕಂಡ ಕೊಪ್ಪಳದ ಕ್ರೀಡಾ ಇಲಾಖೆಯ ಸಾಹೇಬರೊಬ್ಬರು ತಿಂಗಳೊಪ್ಪತ್ತಿನಲ್ಲಿ ಒಂದು ಟ್ರ್ಯಾಕ್ ಸೈಕಲ್ಲನ್ನು ಜೀಪಿನ ಮೇಲೆ ಕಟ್ಟಿಕೊಂಡು ಬಂದರು. "ಇದು ಎರವಲು. ರಾಜ್ಯದ ಪಂದ್ಯದಾಗ ಮೊದಲ ನಾಕರಾಗ ಬಂದ್ಲಂದ್ರ ಸೈಕಲ್ ಇಕಿ ಕಡೇನ ಇರತೈತಿ. ಇಲ್ಲಂದ್ರ ಬ್ಯಾರೆ ಜಿಲ್ಲಾಕ್ಕ ಹೋಗತೈತಿ" ಎಂದರು. ಹುಡುಗಿ ಅವರ ಮುಖ ನೋಡಲಿಲ್ಲ, ಸೈಕಲ್ಲನ್ನೇ ನೋಡುತ್ತಿದ್ದಳು. ಹಾಲಿನ ಸೈಕಲ್ಲು ಆ ವಾರವಷ್ಟೇ ಎರಡು ತುಂಡಾಗಿ ಗುಜರಿಗೆ ಹೋಗಿತ್ತು. ಈ ಸೈಕಲ್ಲೂ ಹೋದರೆ ಅವಳ ಆಟ ಅಲ್ಲಿಗೇ ಮುಗಿಯಿತು.

ಹೆಡ್‌ಮಾಸ್ತರರ ಸವಾರಿ

ನಮ್ಮ ಮುಖ್ಯ ಗುರುಗಳು ಆ ಸೈಕಲ್ಲನ್ನು ಸುತ್ತು ಹಾಕಿ ನೋಡಿ ಹೇಳಿದರು: "ಬ್ರೇಕಿಲ್ಲ, ಗಂಟಿ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಅರ್ಧಾ ಸೈಕಲ್ ಕಳಿಸ್ಯಾರಲ್ರಿ. ಉಳದದ್ದು ಎರಡನೇ ಕಂತಿನಾಗ ಬರತೈತೇನು?"

ನಾನು ತಿಳಿಸಿ ಹೇಳಿದೆ. "ಇದು ಹಿಂಗ ಇರೂದ್ರಿ ಸರ. ಪೆಡಲ್ಲು ಗಾಲಿಗೆ ಗಂಟು ಬಿದ್ದಿರತೈತಿ. ಗಾಲಿ ತಿರಗೂತನಕ ಕಾಲು ತಿರಗಬೇಕು. ನಡುವ ಕಾಲು ಬಿಟ್ಟು ಆರಾಮ ಕುಂಡ್ರಾಕ ಬರಂಗಿಲ್ಲ."

"ನಾ ಸೈಕಲ್ ಕಲ್ತಾಗ ನೀವಿನ್ನಾ ಹುಟ್ಟಿದ್ದಿಲ್ಲ" ಎಂದು ಗುರುಗಳು ಹತ್ತಿಯೇಬಿಟ್ಟರು.

ಶಾಲೆಯ ಗೇಟಿನಿಂದ ಬಜಾರಿಗೆ ಇಳಿಜಾರು. ಗೇಟು ದಾಟುತ್ತಲೇ ರೂಢಿಯಂತೆ ತುಳಿಯುವುದನ್ನು ನಿಲ್ಲಿಸಿದರು. ಸೈಕಲ್ಲು ನಿಲ್ಲಲು ಒಪ್ಪಲಿಲ್ಲ. ಅವರ ಕಾಲುಗಳು ಅವರ ಮಾತು ಕೇಳುವುದನ್ನು ಬಿಟ್ಟು ಗಾಲಿಯ ಮಾತು ಕೇಳತೊಡಗಿದವು. ನಾನು ಹಿಂದೆ ಓಡಿದೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ದೊಡ್ಡವರು ಹಾದುಹೋದರೆ ಅಂಗಡಿಯವರು ಎದ್ದು ನಿಂತು "ಬರ್ರಿ, ಚಾ ಕುಡದು ಹೋಗ್ರಿ" ಎನ್ನಬೇಕು. ದೊಡ್ಡವರು ನಿಂತು, ಬೇಡವೆಂದು ಹೇಳಿ, ಆಮೇಲೆ ಕುಡಿಯಬೇಕು. ಅವತ್ತು ಕಿರಾಣಿ ಅಂಗಡಿಯವರು ಎದ್ದರು, ಬೀಜದ ಅಂಗಡಿಯವರು ಎದ್ದರು, ಕಟಿಂಗ್ ಶಾಪಿನವರು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಎದ್ದರು. ಗುರುಗಳು ಯಾರನ್ನೂ ತಿರುಗಿ ನೋಡದೆ, ಹಲ್ಲು ಕಚ್ಚಿಕೊಂಡು, ಮೊಣಕಾಲು ಎದೆಗೆ ಬಡಿಯುವ ಹಾಗೆ ತುಳಿಯುತ್ತ ಸೀದಾ ಹೋದರು. ಕೊನೆಗೆ ರಸ್ತೆಯ ಮೇಲೆ ಒಣಹಾಕಿದ್ದ ಭತ್ತದ ರಾಶಿಗೆ ನುಗ್ಗಿ, ಕುತ್ತಿಗೆಯವರೆಗೆ ಭತ್ತದಲ್ಲಿ ಕುಳಿತರು. ಪುಣ್ಯಕ್ಕೆ ಅವರಿಗೂ ಸೈಕಲ್ಲಿಗೂ ಏನೂ ಆಗಲಿಲ್ಲ. ಭತ್ತದ ಒಡತಿ ಬೈದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮರುದಿನ ಆ ಮೂವರು ಅಂಗಡಿಯವರೂ ಶಾಲೆಗೆ ಬಂದು ನನ್ನನ್ನು ಬದಿಗೆ ಕರೆದರು. "ಹೆಡ್‌ಮಾಸ್ತರ್ರಿಗೆ ಪ್ರಮೋಷನ್ ಏನಾರ ಆಗೈತೇನ್ರಿ? ಕರದ್ರೂ ನಿಂದರಲಿಲ್ಲ. ಇಷ್ಟು ಸೊಕ್ಕು ಇದ್ದಿದ್ದಿಲ್ಲಲ್ರಿ ಅವರಿಗೆ."

ಸೈಕಲ್ ನಿಲ್ಲಿಸಲು ಬರಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಸೊಕ್ಕು ಬಂದಿದೆ ಎನ್ನಿಸಿಕೊಳ್ಳುವುದೇ ಮರ್ಯಾದೆ ಎಂದು ಗುರುಗಳು ತೀರ್ಮಾನಿಸಿದರು. ಆ ವಾರವೆಲ್ಲ ಸಂಜೆ ನಡೆದುಕೊಂಡು ಹೋಗಿ, ಅಂಗಡಿ ಅಂಗಡಿಗೆ ನಿಂತು, ಕರೆಯದವರ ಹತ್ತಿರವೂ ಚಹಾ ಕುಡಿದು ಬಂದರು.

ಸಾವ್ಕಾರರ ಚಕ್ರ

ಟ್ರ್ಯಾಕ್ ಸೈಕಲ್ಲಿಗೆ ಒಂದೇ ಗೇರು. ಮುಂದಿನ ಹಲ್ಲಿನ ಚಕ್ರ ದೊಡ್ಡದಾದರೆ ಒಂದು ತುಳಿತಕ್ಕೆ ದೂರ ಹೋಗುತ್ತೀರಿ, ಆದರೆ ತುಳಿಯಲು ಭಾರ. ಸಣ್ಣದಾದರೆ ಹಗುರ, ಆದರೆ ಕಾಲು ಚಕಚಕ ತಿರುಗಬೇಕು. ಯಾವುದು ಬೇಕೋ ಪಂದ್ಯಕ್ಕೆ ಮೊದಲೇ ಆರಿಸಿ ಜೋಡಿಸಿಕೊಳ್ಳಬೇಕು. ಮದುವೆ ಇದ್ದ ಹಾಗೆ, ಹೊರಟ ಮೇಲೆ ಬದಲಿಸಲು ಬರುವುದಿಲ್ಲ.

ಇದನ್ನು ನಾನು ಗಂಗಾವತಿಯ ರೈಸ್ ಮಿಲ್ಲಿನ ಸಾವ್ಕಾರರೊಬ್ಬರ ಮುಂದೆ ಹೇಳಬಾರದಿತ್ತು. ಹುಡುಗಿಗೆ ಹಾಲು, ಮೊಟ್ಟೆ ಕೊಡಿಸುತ್ತಿದ್ದ ಒಳ್ಳೆಯ ಮನುಷ್ಯ ಅವರು. ಆದರೆ ಯಾವುದೇ ವಸ್ತು ದೊಡ್ಡದಾದಷ್ಟೂ ಒಳ್ಳೆಯದು ಎಂದು ನಂಬಿದ್ದರು. ಅವರ ಮಿಲ್ಲು ದೊಡ್ಡದು, ಮನೆ ದೊಡ್ಡದು, ಮದುವೆಗಳಲ್ಲಿ ಅವರು ಹಾಕುವ ಫ್ಲೆಕ್ಸು ಮದುಮಕ್ಕಳ ಫ್ಲೆಕ್ಸಿಗಿಂತ ದೊಡ್ಡದು.

"ಅಲ್ರೀ ಮಾಸ್ತರ, ದೊಡ್ಡ ಚಕ್ರ ಹಾಕಿದ್ರ ದೂರ ಹೋಗ್ತಾಳಂತ ನೀವ ಹೇಳಾಕತ್ತೀರಿ. ಮತ್ತ ಈ ಸಣ್ಣ ಚಕ್ರ ಯಾಕ ಹಾಕೀರಿ? ನಾ ಮಾಡಿಸಿ ತರ್ತೀನಿ."

ತಂದೂ ತಂದರು. ಮಿಲ್ಲಿನ ವರ್ಕ್‌ಶಾಪಿನಲ್ಲಿ ಕಡೆಸಿದ ಚಕ್ರ. ಅದರ ಮುಂದೆ ಗಾಲಿಯೇ ಸಣ್ಣದಾಗಿ ಕಾಣುತ್ತಿತ್ತು. ಅವರ ಮನಸ್ಸು ನೋಯಿಸಬಾರದೆಂದು ಜೋಡಿಸಿದೆವು. ಮೈದಾನದಲ್ಲಿ ಅವರ ಕಡೆಯ ನಾಲ್ಕಾರು ಮಂದಿ ಹಾರ ಹಿಡಿದು ನಿಂತರು. ನಾನು ಸೀಟು ಹಿಡಿದೆ, ಹುಡುಗಿ ಕಾಲಿಗೆ ಪೆಡಲ್ಲಿನ ಪಟ್ಟಿ ಬಿಗಿದುಕೊಂಡು ಎದ್ದುನಿಂತು ತುಳಿದಳು. ಪೆಡಲ್ಲು ಅಲುಗಲಿಲ್ಲ. ಹಿಂದಿನಿಂದ ನಾನು ನೂಕಿದೆ. ಸೈಕಲ್ಲು ಒಂದು ಗೇಣು ಮುಂದೆ ಹೋಗಿ, ಯೋಚನೆ ಮಾಡಿ, ನಿಂತಿತು. ಇನ್ನಿಬ್ಬರು ಹಾರ ಕೆಳಗಿಟ್ಟು ನೂಕಲು ಬಂದರು.

ಸಾವ್ಕಾರರು ಮಾತ್ರ ಧೈರ್ಯ ಬಿಡಲಿಲ್ಲ. "ತಡೀರಿ, ತಡೀರಿ. ಇದು ಒಮ್ಮಿ ಶುರು ಆತಂದ್ರ, ಇದನ್ನ ಹಿಡಿಯೂ ಮಗ ಇನ್ನಾ ಹುಟ್ಟಿಲ್ಲ!"

ಹುಡುಗಿ ಏದುಸಿರು ಬಿಡುತ್ತ ಹೇಳಿದಳು: "ಸಾವ್ಕಾರ್ರ, ಇದು ಶುರು ಆಗೂದ್ರಾಗ ಅವ ಹುಟ್ಟಿ ಸಾಲಿಗೆ ಬಂದಿರ್ತಾನ್ರಿ."

ಬೆಣ್ಣೆ ಬರುವ ವೇಗ

ಹೀಗಾಗಿ ಹಗುರ ಗೇರೇ ಗಟ್ಟಿಯಾಯಿತು. ಹಗುರ ಗೇರಿಗೆ ಕಾಲು ವೇಗವಾಗಿ ತಿರುಗಬೇಕು. ಇಂಗ್ಲಿಷಿನಲ್ಲಿ ಕೇಡನ್ಸ್ ಎನ್ನುತ್ತಾರೆ. ನಮ್ಮ ಹುಡುಗಿಯ ಕೇಡನ್ಸು ಒಂದು ಮಟ್ಟಕ್ಕೆ ಬಂದು ಅಲ್ಲೇ ಕೂತಿತ್ತು. ಎಷ್ಟು ಕೂಗಿದರೂ ಮೇಲೇಳದು. ಮೊದಲು ನಾನೇ ಪಕ್ಕದಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಎಣಿಸುತ್ತ ಹೋದೆ. ಹತ್ತರವರೆಗೆ ಸರಿಯಾಗಿತ್ತು. ಹನ್ನೊಂದು ದಾಟಿದ ಮೇಲೆ ಕನ್ನಡದ ಅಂಕಿಗಳು ಬಾಯಿ ತುಂಬುವಷ್ಟು ಉದ್ದ. ನಾನು "ಹದಿನೇಳು" ಎಂದು ಮುಗಿಸುವಷ್ಟರಲ್ಲಿ ಅವಳ ಕಾಲು ಮುಂದೆ ಹೋಗಿರುತ್ತಿತ್ತು, ಪಾಪ, ನನಗಾಗಿ ನಿಧಾನ ಮಾಡುತ್ತಿದ್ದಳು.

ಮನೆಯಲ್ಲೂ ಅಭ್ಯಾಸವಾಗಲೆಂದು ಹಿಂದಿನ ಗಾಲಿಯನ್ನು ಎತ್ತಿ ನಿಲ್ಲಿಸುವ ಒಂದು ಕಬ್ಬಿಣದ ಸ್ಟ್ಯಾಂಡು ಮಾಡಿಸಿ ಕೊಟ್ಟೆ. ಸೈಕಲ್ಲು ನಿಂತಲ್ಲೇ ಇರುತ್ತದೆ, ಗಾಲಿ ಗಾಳಿಯಲ್ಲಿ ತಿರುಗುತ್ತದೆ. ದಿನಾ ಬೆಳಿಗ್ಗೆ ತುಳಿ ಎಂದೆ. ಅವಳು ಚಾಚೂ ತಪ್ಪದೆ ತುಳಿದಳು. ವೇಗ ಹೆಚ್ಚುವ ಬದಲು ಇನ್ನೂ ಇಳಿಯಿತು! ಇದೇನು ಗ್ರಹಚಾರ ಎಂದು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹುಲಿಹೈದರಕ್ಕೆ ಹೋದೆ.

ಪಡಸಾಲೆಯಲ್ಲಿ ಹುಡುಗಿ ಸೈಕಲ್ ತುಳಿಯುತ್ತಿದ್ದಳು. ಹಿಂದಿನ ಗಾಲಿಗೆ ಒಂದು ಹಗ್ಗ ಸುತ್ತಿತ್ತು. ಮಾಲೆಯಂತೆ ಗಂಟು ಹಾಕಿದ ಆ ಹಗ್ಗದ ಇನ್ನೊಂದು ಬದಿ ಕಂಬಕ್ಕೆ ಕಟ್ಟಿದ ಕಡಗೋಲಿಗೆ ಸುತ್ತಿತ್ತು. ಕಡಗೋಲು ಮಜ್ಜಿಗೆಯ ಗಡಿಗೆಯಲ್ಲಿ ಗರಗರ ತಿರುಗುತ್ತಿತ್ತು. ಗಡಿಗೆಯ ಪಕ್ಕದಲ್ಲಿ ಅವಳ ತಾಯಿ ಕಾಲು ಚಾಚಿ ಕುಳಿತು ಅಪ್ಪಣೆ ಕೊಡುತ್ತಿದ್ದಳು: "ನಿಧಾನ... ನಿಧಾನ ತುಳಿ. ಗ್ವಾಡಿಗೆ ಸಿಡೀತೈತಿ. ಹಾಂ, ಈಗ ಬೆಣ್ಣಿ ಕೂಡಾಕತ್ತೈತಿ, ಇದ ಕಾಲು ಹಿಡಿ!"

ನನಗೆ ತಲೆ ತಿರುಗಿತು. ನಾನು ಸಂಜೆ ಎರಡು ತಾಸು ಮೇಲಕ್ಕೆ ಎಳೆದದ್ದನ್ನು ಈ ತಾಯಿ ಬೆಳಿಗ್ಗೆ ಬೆಣ್ಣೆಯ ಲೆಕ್ಕಕ್ಕೆ ಇಳಿಸಿ ಕೂರಿಸುತ್ತಿದ್ದಳು.

"ಅಲ್ಲವ್ವಾ, ಇದು ಪಂದ್ಯದ ಸೈಕಲ್ಲು! ಜೋರ ತುಳೀಬೇಕಕಿ. ರಾಜ್ಯಕ್ಕ ಪದಕ ತರೂ ಹುಡುಗಿನ್ನ ಮಜ್ಜಿಗಿ ಕಡ್ಯಾಕ ಹಚ್ಚೀಯಲ್ಲ!"

ಆಕೆ ಒಂದು ಉಂಡೆ ಬೆಣ್ಣೆ ತೆಗೆದು, ಬಿಸಿ ರೊಟ್ಟಿಯ ಮೇಲಿಟ್ಟು ನನ್ನ ಕೈಗೆ ಕೊಟ್ಟಳು. "ನಿಮ್ಮ ಪದಕ ಯಾವಾಗ ಬರತೈತೋ ಏನೋ ಮಾಸ್ತರ. ಬೆಣ್ಣಿ ನೋಡ್ರಿ, ದಿನಾ ಬರತೈತಿ."

ಬೆಣ್ಣೆ ಬಹಳ ಚೆನ್ನಾಗಿತ್ತು. ಇನ್ನೊಂದು ರೊಟ್ಟಿ ತಿಂದ ಮೇಲೆಯೇ ನಾನು ಸಿಟ್ಟು ಮುಂದುವರಿಸಿದೆ.

ಹಲಗೆಗೆ ಹಿಡಿದ ನೋಟು

ಬೆಣ್ಣೆಯ ತಾಳವನ್ನು ಕಾಲಿನಿಂದ ಬಿಡಿಸಬೇಕಾದರೆ ಬೇರೆ ತಾಳ ಹತ್ತಿಸಬೇಕು. ಮೊಬೈಲಿನಲ್ಲಿ ಟಕ್ ಟಕ್ ಎನ್ನುವ ಆ್ಯಪ್ ಹಾಕಿ ನೋಡಿದೆ, ಗಾಳಿಗೆ ಕೇಳಿಸಲಿಲ್ಲ. ಕೊನೆಗೆ ಊರಿನ ಹಲಗೆ ಬಾರಿಸುವವರೊಬ್ಬರನ್ನು ಹಿಡಿದೆ. ಐವತ್ತು ದಾಟಿದ ವಯಸ್ಸು, ಕೈ ಮಾತ್ರ ಇಪ್ಪತ್ತರದು. ಅವರನ್ನು ಒಂದು ಟಂಟಂ ಆಟೋದ ಹಿಂದೆ ಕೂರಿಸಿ, ನಾನು ಡ್ರೈವರನ ಪಕ್ಕ ಕುಳಿತು, ತಾವರಗೇರಾ ರಸ್ತೆಗೆ ಬಿಟ್ಟೆವು. ಅವರು ಬಾರಿಸಬೇಕು, ಹಿಂದೆ ಬರುವ ಹುಡುಗಿ ಆ ಪೆಟ್ಟಿಗೆ ಸರಿಯಾಗಿ ಕಾಲು ತಿರುಗಿಸಬೇಕು.

ಅದ್ಭುತವಾಗಿ ನಡೆಯಿತು. ಪೆಟ್ಟು ಏರಿದ ಹಾಗೆ ಕಾಲೂ ಏರಿತು. ನಾನು ಖುಷಿಯಿಂದ ತೊಡೆ ತಟ್ಟುತ್ತಿರುವಾಗಲೇ ಮೊದಲ ಊರು ಬಂತು. ಹಲಗೆಯ ಸದ್ದಿಗೆ ಊರ ಅಗಸಿ ಬಾಗಿಲ ಮುಂದಿನ ಬಯಲಿಗೆ ಜನ ಬಂದಿದ್ದರು. ಒಬ್ಬ ಹಿರಿಯರು ಹತ್ತು ರೂಪಾಯಿಯ ನೋಟನ್ನು ಕೈಯೆತ್ತಿ ಹಿಡಿದರು.

ಹಲಗೆಯವರಿಗೆ ನೋಟು ಹಿಡಿದರೆಂದರೆ ಮುಗಿಯಿತು. ಆ ಮನುಷ್ಯನ ಮುಂದೆ ನಿಂತು, ಆತನ ಮನಸ್ಸು ತುಂಬುವವರೆಗೆ ಇನ್ನೂ ಜೋರಾಗಿ ಬಾರಿಸಬೇಕು. ದಾಟಿ ಹೋದರೆ ಕೊಟ್ಟವನಿಗೂ ಅವಮಾನ, ಹಲಗೆಗೂ ಅವಮಾನ. "ನಿಲ್ಸೋ!" ಎಂದು ಅವರು ಟಂಟಂ ಬಡಿದರು. ಟಂಟಂ ಬಯಲಿಗೆ ಇಳಿದು ನಿಂತಿತು.

ಟಂಟಂಗೇನೋ ಬ್ರೇಕಿತ್ತು. ಹುಡುಗಿಯ ಕಾಲು ಪೆಡಲ್ಲಿಗೆ ಪಟ್ಟಿಯಿಂದ ಬಿಗಿದಿತ್ತು. ಅವಳು ಬಯಲಿಗೆ ಇಳಿದು ನಮ್ಮ ಸುತ್ತ ಸುತ್ತತೊಡಗಿದಳು. ಹಲಗೆಯವರು ನೋಟಿನ ಮರ್ಯಾದೆಗೆ ಕೈ ಜೋರು ಮಾಡಿದರು. ಪೆಟ್ಟು ಏರಿತೆಂದು ಹುಡುಗಿ ಕಾಲು ಜೋರು ಮಾಡಿದಳು. ಇದು ಹೊಸ ಆಟವೆಂದು ತಿಳಿದು ಜನ ಸಿಳ್ಳೆ ಹೊಡೆದರು. ಇನ್ನೊಬ್ಬ ಇಪ್ಪತ್ತರ ನೋಟು ಹಿಡಿದ. ಮತ್ತೊಬ್ಬ ಐವತ್ತರದು ಹಿಡಿದ.

"ಸರ, ಹಲಗಿ ನಿಂದರಸ್ರಿ!" ಎಂದು ಹುಡುಗಿ ಒಂದು ಸುತ್ತಿನಲ್ಲಿ ಕೂಗಿದಳು.

"ನೋಟು ಇಳಸ್ರೋ!" ಎಂದು ನಾನು ಜನರಿಗೆ ಕೂಗಿದೆ.

"ನೋಟು ಇಳಸೂದಂದ್ರ ಏನ್ ಮಾತ್ರೀ ಮಾಸ್ತರ?" ಎಂದು ಹಲಗೆಯವರು ನನಗೇ ಕೂಗಿದರು.

ಅಷ್ಟು ದಿನ ನಾನು ಬೇಡಿಕೊಂಡರೂ ಮೇಲೇಳದ ಅವಳ ಕಾಲು ಅವತ್ತು ಕಣ್ಣಿಗೆ ಕಾಣದಷ್ಟು ತಿರುಗಿತು. ಕಡೆಗೆ ಊರಿನ ಜೇಬು ಖಾಲಿಯಾಗಿ ಹಲಗೆ ನಿಂತಿತು. ಹುಡುಗಿ ನನ್ನ ಹೆಗಲು ಹಿಡಿದು ಇಳಿದಳು. ನಾನು ಅವಳಿಗೆ ನೀರು ಕುಡಿಸಿ ಕೂರಿಸುತ್ತಿದ್ದೆ. ಹಲಗೆಯವರು ಬಂದು ಗುಟ್ಟಿನಲ್ಲಿ ಹೇಳಿದರು: "ಸರ, ಸೆಲೆಕ್ಷನ್ ಆಗ್ಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ. ಮದುವಿ ಸೀಜನ್ನಿಗೆ ಹುಡುಗಿನ್ನ ನನ್ನ ಕೂಡ ಕಳಸ್ರಿ."

ಗೋಡೆಯ ಮೇಲಿನ ಪಂದ್ಯ

ರಾಜ್ಯದ ಪಂದ್ಯ ಬೇರೆ ಜಿಲ್ಲೆಯಲ್ಲಿತ್ತು. ಹುಡುಗಿಯ ತಾಯಿ ರೊಟ್ಟಿ ಗಂಟು ಕಟ್ಟಿಕೊಂಡು ಜೊತೆಗೆ ಹೊರಟಳು. ಅಲ್ಲಿಯ ಸಿಮೆಂಟು ಟ್ರ್ಯಾಕು ನೋಡಿ ಆಕೆ ಬಾಗಿಲಲ್ಲೇ ನಿಂತಳು. ತಿರುವಿನಲ್ಲಿ ಅದು ಗೋಡೆಯ ಹಾಗೆ ಮೇಲೆದ್ದಿರುತ್ತದೆ. "ನೆಲಾ ಇಷ್ಟೊಂದು ಬಿದ್ದೈತಿ, ಗ್ವಾಡಿ ಮ್ಯಾಲೆ ಯಾಕ ಓಡಸ್ತಾರ್ರಿ?" ಎಂದಳು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಕೊಪ್ಪಳದ ಸಾಹೇಬರೂ ಬಂದಿದ್ದರು. ಅವರ ಜೀಪಿನ ಮೇಲೆ ಒಂದು ಹೊಸ ಹಗ್ಗ ಸುತ್ತಿಟ್ಟಿತ್ತು. ಸೋತರೆ ಸೈಕಲ್ಲನ್ನು ಅಲ್ಲಿಂದಲೇ ಕಟ್ಟಿಕೊಂಡು ಹೋಗುವ ತಯಾರಿ. ಆ ಹಗ್ಗ ನೋಡಿ ನನಗೆ ಸಿಟ್ಟು ಬಂತು. ಹುಡುಗಿಯೂ ನೋಡಿ, ಸೈಕಲ್ಲನ್ನು ಜೀಪಿನಿಂದ ದೂರ ತಳ್ಳಿಕೊಂಡು ಹೋದಳು.

ಆಯ್ಕೆಯ ಓಟದಲ್ಲಿ ಎಂಟರೊಳಗೆ ಬಂದಳು. ಇನ್ನು ಇಬ್ಬಿಬ್ಬರ ಪಂದ್ಯ. ಇದೊಂದು ಗೆದ್ದರೆ ಮೊದಲ ನಾಲ್ಕರಲ್ಲಿ ಬಂದ ಹಾಗೆ, ಸೈಕಲ್ಲು ಉಳಿದ ಹಾಗೆ. ಎದುರಾಳಿ ಅವಳಿಗಿಂತ ಮೂರು ವರ್ಷ ದೊಡ್ಡವಳು, ಗಟ್ಟಿ ತೊಡೆ, ಭಾರದ ಗೇರು. ನಮ್ಮ ಗೇರು ನೋಡಿ ಅವಳ ಕೋಚು ನಕ್ಕರು: "ಇದೇನ್ರಿ, ಅಂಗನವಾಡಿ ಗೇರು ಹಾಕಿದೀರಿ?" ಬದಲಿಸಲೇ ಎಂದು ಹುಡುಗಿಯನ್ನು ಕೇಳಿದೆ. "ಬ್ಯಾಡ್ರಿ ಸರ. ನನ್ನ ಕಾಲಿಗೆ ಇದ ಗೊತ್ತೈತಿ" ಎಂದಳು.

ಈ ಪಂದ್ಯದಲ್ಲಿ ಹೊತ್ತಿನ ಲೆಕ್ಕವಿಲ್ಲ, ಮೂರು ಸುತ್ತಿನ ಕೊನೆಗೆ ಯಾರು ಮೊದಲು ಗೆರೆ ದಾಟುತ್ತಾರೆ ಎಂಬುದಷ್ಟೇ. ಮುಂದೆ ಇರುವವಳು ಗಾಳಿ ಸೀಳಬೇಕು, ಹಿಂದೆ ಇರುವವಳು ಅವಳ ಮರೆಯಲ್ಲಿ ಆರಾಮಾಗಿ ಬಂದು ಕೊನೆಗೆ ಹಾರಬಹುದು. ಅದಕ್ಕೇ ಯಾರಿಗೂ ಮುಂದೆ ಹೋಗುವ ಮನಸ್ಸಿರುವುದಿಲ್ಲ. ಸೀಟಿ ಊದಿದ ಮೇಲೆ ಇಬ್ಬರೂ ಸಂತೆಗೆ ಹೊರಟವರ ಹಾಗೆ ಹೊರಟರು.

"ಇದೇನ್ರಿ ಮಾಸ್ತರ, ಬಸ್ ಚಾರ್ಜ್ ಹಾಕಿ ಬಂದದ್ದು ಇದನ್ನ ನೋಡಾಕೇನು?" ಎಂದಳು ತಾಯಿ.

ಎರಡನೆಯ ಸುತ್ತಿಗೆ ಇಬ್ಬರೂ ತಿರುವಿನ ಮೇಲೆ ಬಂದರು. ನಮ್ಮ ಹುಡುಗಿ ಪಕ್ಕಕ್ಕೆ ತಿರುಗಿ ಹೇಳಿದ್ದು ನಮಗೂ ಕೇಳಿಸಿತು: "ಅಕ್ಕಾರ, ನೀವ್ ಮುಂದ ನಡೀರಿ."

"ನೀನೇ ಹೋಗೆ."

"ದೊಡ್ಡಾರು ನೀವು. ನಿಮ್ಮನ್ನ ಬಿಟ್ಟು ಹೆಂಗ ಹೋಗ್ಲಿ?" ಎಂದವಳೇ ನಿಂತುಬಿಟ್ಟಳು. ಕಾಲು ಕೆಳಗಿಡದೆ, ಸೈಕಲ್ಲಿನ ಮೇಲೆಯೇ, ಗೋಡೆಯಂಥ ಆ ತಿರುವಿನಲ್ಲಿ ಅಲುಗದೆ ನಿಂತಳು. ಹಲಗೆಯ ಫಜೀತಿ ಆದಾಗಿನಿಂದ, ದಿನಾ ಕುರಿ ಹಿಂಡು ಅಡ್ಡ ಬರುವ ರಸ್ತೆಯಲ್ಲಿ, ಕಾಲಿಗೆ ಪಟ್ಟಿ ಬಿಗಿದುಕೊಂಡು ಕೊನೆಯ ಕುರಿ ದಾಟುವವರೆಗೆ ಹಾಗೆ ನಿಂತು ರೂಢಿ ಅವಳಿಗೆ.

"ಅಯ್ಯ ಶಿವನ, ಕೆಟ್ಟು ನಿಂತಿತು!" ಎಂದು ತಾಯಿ ಕೂಗಿದಳು. "ಯಾರರ ಹೋಗಿ ನೂಕ್ರೋ!"

ಆ ದೊಡ್ಡ ಹುಡುಗಿಯೂ ನಿಲ್ಲಲು ನೋಡಿದಳು. ಭಾರದ ಗೇರು, ಇಳಿಜಾರು, ಸೈಕಲ್ಲು ಓಲಾಡಿತು. ಬೀಳುವುದಕ್ಕಿಂತ ಹೋಗುವುದೇ ಮೇಲೆಂದು ಮುಂದೆ ಹೊರಟಳು. ಆದರೆ ನಿಂತಲ್ಲಿಂದ ಆ ಗೇರನ್ನು ಎಬ್ಬಿಸುವುದೆಂದರೆ ಎಮ್ಮೆಯನ್ನು ಕೆರೆಯಿಂದ ಎಬ್ಬಿಸಿದ ಹಾಗೆ. ಅವಳು ಒಂದೊಂದೇ ತುಳಿತಕ್ಕೆ ಒದ್ದಾಡುತ್ತಿರುವಾಗ, ನಮ್ಮವಳು ಇಳಿಜಾರಿನಿಂದ ಜಾರಿ ಬಂದು ಕಾಲು ಬಿಟ್ಟಳು ನೋಡಿ! ಮೊಣಕಾಲೇ ಕಾಣಲಿಲ್ಲ. ಕೊನೆಯ ಸುತ್ತಿನಲ್ಲಿ ಪಕ್ಕಕ್ಕೆ ಬಂದಳು, ಗೆರೆಯನ್ನು ಒಂದು ಗಾಲಿಯಷ್ಟು ಮೊದಲು ದಾಟಿದಳು. ನಾನು ಯಾರನ್ನೋ ತಬ್ಬಿಕೊಂಡೆ. ನೋಡಿದರೆ ಅಂಗನವಾಡಿ ಎಂದಿದ್ದ ಕೋಚು.

ತಾಯಿಯ ಮುಖ ಮಾತ್ರ ನಾಚಿಕೆಯಿಂದ ಕೆಂಪಾಗಿತ್ತು. ಮಗಳು ಇಳಿದು ಬರುತ್ತಲೇ ಶುರುವಾಯಿತು. "ದೊಡ್ಡಾಕಿಗೆ ಮುಂದ ನಡೀರಿ ಅಂದಿ, ಛಲೋ ಮಾಡಿದಿ. ಹಂಗಂದು ಹಿಂದಿಂದ ದಾಟಿ ಹೋಗೂದು ಯಾವ ರೀತಿಯಬೇ? ನಾ ಇದನ್ನ ಕಲಿಸೀನೇನು ನಿನಗ?"

ಅಷ್ಟರಲ್ಲಿ ಸಾಹೇಬರು ಬಂದರು. ನಗುತ್ತ ಹುಡುಗಿಯ ತಲೆ ಸವರಿ, "ನಾಕರಾಗ ಬಂದಿ. ಆತು, ಸೈಕಲ್ ಇನ್ನ ನಿನ್ನ ಕಡೇನ" ಎಂದರು. ಹುಡುಗಿ ಅಳತೊಡಗಿದಳು. ನನಗೂ ಕಣ್ಣು ತುಂಬಿ ಬಂತು, ತೋರಿಸಬಾರದೆಂದು ನೀರು ತರಲು ಹೋದೆ.

ನೀರು ತಂದು ನೋಡುತ್ತೇನೆ, ಹುಡುಗಿಯಿಲ್ಲ, ಸೈಕಲ್ಲಿಲ್ಲ, ತಾಯಿಯೂ ಇಲ್ಲ, ರೊಟ್ಟಿ ಗಂಟೂ ಇಲ್ಲ. ಮೈಕಿನಲ್ಲಿ ಸೆಮಿಫೈನಲ್ಲಿಗೆ ಅವಳ ಹೆಸರು ಕರೆಯುತ್ತಿದ್ದಾರೆ. ದೂರದ ಗೇಟಿನಲ್ಲಿ ಸೈಕಲ್ಲೂ ಸೇರಿ ಮೂವರೂ ಕಂಡರು. ತಾಯಿ ಮುಂದೆ ಸೈಕಲ್ಲು ತಳ್ಳುತ್ತ, ಮಗಳು ಹಿಂದೆ ಬರಿಗಾಲಲ್ಲಿ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು.

ನಾನೂ ಸಾಹೇಬರೂ ಓಡಿ ಹೋಗಿ ಅಡ್ಡ ನಿಂತೆವು. ಸಾಹೇಬರಿಗೆ ಉಸಿರು ಹತ್ತಿತ್ತು. "ಅವ್ವಾ, ಎಲ್ಲಿಗ್ರಿ? ಇನ್ನಾ ಎರಡು ಪಂದ್ಯ ಐತಿ! ಗೆದ್ದ್ರ ಬಂಗಾರದ ಪದಕ ಐತಿ!"

ತಾಯಿ ಸೈಕಲ್ಲಿನ ಹ್ಯಾಂಡಲ್ ಇನ್ನೂ ಬಿಗಿಯಾಗಿ ಹಿಡಿದಳು. "ಸೈಕಲ್ ಕೊಟ್ಟೀನಿ ಅಂದ್ರಿಲ್ರಿ ಸಾಹೇಬ್ರ? ಮತ್ತ ಓಡಿಸಿ, ಸೋತ್ಲು ಅಂತ ಕಸಗೋಬೇಕಂತ ಮಾಡೀರೇನು? ನಾವು ಬಂದ ಕೆಲಸ ಆತು, ಹೊಂಟ್ವಿ. ಆ ಪದಕ ಹಿಂದ ಉಳದ್ಲಲ್ಲ ದೊಡ್ಡ ಹುಡುಗಿ, ಅಕಿಗೇ ಕೊಟ್ಟ ಬಿಡ್ರಿ ಪಾಪ."